ಸಿ ಡ್ರೈವ್ ತುಂಬಿದಾಗ: ವಿಂಡೋಸ್‌ನ ಯಾವ ಫೈಲ್ ತೆಗೆಯಬಹುದು, ಯಾವುದನ್ನು ಮುಟ್ಟಬಾರದು

ಸಿ ಡ್ರೈವ್ ತುಂಬಿತೆಂದರೆ ಬಹಳ ಜನ ಮೊದಲು ತೆರೆಯುವುದು ವಿಂಡೋಸ್ ಫೋಲ್ಡರನ್ನು. ಒಳಗೆ ಗುರುತು ಪರಿಚಯವಿಲ್ಲದ ಹೆಸರುಗಳು, ಎಂದೋ ಹಳೆಯ ದಿನಾಂಕಗಳು, ಒಂದೊಂದು ಫೋಲ್ಡರ್ ಹತ್ತಾರು ಜಿಬಿ. ಇದೆಲ್ಲ ಕಸವೇ ಇರಬೇಕು ಅನ್ನಿಸಿಬಿಡುತ್ತದೆ. ಆದರೆ ಹೆಸರು ನಮಗೆ ಅರ್ಥವಾಗಲಿಲ್ಲ ಎಂದ ಮಾತ್ರಕ್ಕೆ ಫೈಲ್ ಯಾರಿಗೂ ಬೇಡ ಎಂದಲ್ಲ. ದಿನಾಂಕ ಹಳೆಯದು ಎಂಬುದೂ ಸಾಕ್ಷಿಯಲ್ಲ. ವಿಂಡೋಸ್ ದಿನಾ ಬಳಸುವ ಎಷ್ಟೋ ಫೈಲ್‌ಗಳ ದಿನಾಂಕ ಬದಲಾಗುವುದೇ ಇಲ್ಲ.

ನಾನು ಕೇಳುವ ಪ್ರಶ್ನೆ ಒಂದೇ. ಈ ಫೈಲನ್ನು ಯಾವ ಪ್ರೋಗ್ರಾಂ ಹುಟ್ಟಿಸಿತು, ಅದನ್ನು ತೆಗೆಯಲು ಆ ಪ್ರೋಗ್ರಾಮೇ ಒಂದು ದಾರಿ ಇಟ್ಟಿದೆಯೇ? ಇಟ್ಟಿದ್ದರೆ ಆ ದಾರಿಯಲ್ಲೇ ತೆಗೆಯಬೇಕು. ಇಲ್ಲದಿದ್ದರೆ ಮುಟ್ಟದಿರುವುದೇ ಒಳ್ಳೆಯದು. ಮುಂದಿನದ್ದೆಲ್ಲ ಈ ಪ್ರಶ್ನೆಯ ಮೇಲೆಯೇ ನಿಂತಿದೆ.

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೂ ಮನೆ, ಅಂಗಡಿ, ಕಚೇರಿಗಳಲ್ಲಿ ಅದು ಇನ್ನೂ ಓಡುತ್ತಿದೆ, ಜಾಗ ಬಿಡಿಸುವ ಹಾದಿಯೂ ಹೆಚ್ಚುಕಡಿಮೆ ಅದೇ.

ಕೈ ಹಾಕುವ ಮುನ್ನ

ಫೋಟೋ, ದಾಖಲೆ, ಲೆಕ್ಕದ ಫೈಲ್‌ಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೋ ಪೆನ್ ಡ್ರೈವ್‌ಗೋ ನಕಲು ಮಾಡಿಕೊಳ್ಳಿ. ಇದು ಔಪಚಾರಿಕ ಎಚ್ಚರಿಕೆಯಲ್ಲ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಫೈಲನ್ನು ರಿಕವರಿ ಸಾಫ್ಟ್‌ವೇರ್‌ನಿಂದ ಮರಳಿ ಪಡೆಯುವ ಅವಕಾಶ ಸ್ವಲ್ಪವಾದರೂ ಇತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ, ಅಂದರೆ ಚಿಪ್‌ನಲ್ಲಿ ಸಂಗ್ರಹಿಸುವ ಡ್ರೈವ್‌ಗಳಲ್ಲಿ, ಟ್ರಿಮ್ ಎಂಬ ವ್ಯವಸ್ಥೆ ಇದೆ. ಫೈಲ್ ಅಳಿಸಿದ ಕೂಡಲೇ ಆ ಜಾಗ ಖಾಲಿಯಾಯಿತೆಂದು ವಿಂಡೋಸ್ ಡ್ರೈವ್‌ಗೆ ತಿಳಿಸುತ್ತದೆ, ಡ್ರೈವ್ ಅದನ್ನು ಒಳಗಿಂದೊಳಗೇ ಒರೆಸಿಹಾಕುತ್ತದೆ. ಆಮೇಲೆ ಯಾವ ಅಂಗಡಿಗೆ ಕೊಂಡೊಯ್ದರೂ ಸಿಗುವುದು ಕಷ್ಟ.

ಟ್ಯಾಲಿ ಬಳಸುವವರಿಗೆ ಒಂದು ಮಾತು. ಟ್ಯಾಲಿ ತನ್ನ ಒಂದೊಂದು ಕಂಪನಿಯ ಲೆಕ್ಕವನ್ನೂ 10000, 10001 ಎಂಬಂಥ ಬರೀ ಅಂಕೆಗಳ ಹೆಸರಿನ ಫೋಲ್ಡರ್‌ನಲ್ಲಿ ಇಡುತ್ತದೆ. ಒಳಗಿನ ಫೈಲ್‌ಗಳ ಕೊನೆಯಲ್ಲಿ 900 ಅಥವಾ 1800 ಎಂದಿರುತ್ತದೆ. ನೋಡಿದರೆ ತಾತ್ಕಾಲಿಕ ಕಸದಂತೆಯೇ ಕಾಣುತ್ತದೆ. ಅದು ನಿಮ್ಮ ವರ್ಷಗಳ ಲೆಕ್ಕ. ಸಿ ಡ್ರೈವ್‌ನಲ್ಲಿ ಏನನ್ನಾದರೂ ಅಳಿಸುವ ಮೊದಲು ಟ್ಯಾಲಿಯ ಒಳಗಿನಿಂದಲೇ ಬ್ಯಾಕಪ್ ತೆಗೆದು ಬೇರೆ ಕಡೆ ಇಡಿ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿ. ಡೆಸ್ಕ್‌ಟಾಪ್ ಆದರೆ, ಕರೆಂಟ್ ಹೋಗುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸ ಶುರು ಮಾಡಬೇಡಿ. ಹಳೆಯ ಅಪ್‌ಡೇಟ್ ಫೈಲ್‌ಗಳನ್ನು ತೆಗೆಯುವ ಕೆಲಸ ಕೆಲವೊಮ್ಮೆ ಬಹಳ ಹೊತ್ತು ಹಿಡಿಯುತ್ತದೆ, ಮಧ್ಯದಲ್ಲಿ ನಿಲ್ಲಿಸಬಾರದು.

ಡ್ರೈವ್‌ನ ಪಟ್ಟಿ ಕೆಂಪಾಗಿದೆ, ಬೇರೆ ತೊಂದರೆ ಏನಿಲ್ಲ

ದಿಸ್ ಪಿಸಿ ತೆರೆದಾಗ ಡ್ರೈವ್‌ನ ನೀಲಿ ಪಟ್ಟಿ ಕೆಂಪಾಗಿದ್ದರೆ ಖಾಲಿ ಜಾಗ ಶೇಕಡಾ 10ಕ್ಕಿಂತ ಕೆಳಗಿಳಿದಿದೆ ಎಂದರ್ಥ. ಅದು ದೋಷವಲ್ಲ, ಎಚ್ಚರಿಕೆ. ಅಂದಹಾಗೆ, 256 ಜಿಬಿ ಎಂದು ಕೊಂಡ ಡ್ರೈವ್ 238 ಎಂದು ತೋರಿಸುವುದು, 512 ಇದ್ದದ್ದು 476 ಎಂದು ತೋರಿಸುವುದು ಕೂಡ ದೋಷವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಕಳೆದುಹೋದದ್ದು ಏನೂ ಇಲ್ಲ, ಹುಡುಕಲು ಹೋಗಬೇಡಿ.

ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಹಚ್ಚುವುದಲ್ಲ, ರೀಸ್ಟಾರ್ಟೇ ಆಗಬೇಕು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಹಿಡಿದಿಟ್ಟ ತಾತ್ಕಾಲಿಕ ಫೈಲ್‌ಗಳು ಹಾಗೇ ಉಳಿಯಬಹುದು. ಆಮೇಲೆ ರೀಸೈಕಲ್ ಬಿನ್ ತೆರೆದು, ಬೇಕಾದದ್ದು ಏನಾದರೂ ಇದೆಯೇ ನೋಡಿ, ಖಾಲಿ ಮಾಡಿ.

ಮುಂದಿನದು ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್. ಯಾವ ಬಗೆಯ ಫೈಲ್ ಎಷ್ಟು ಜಾಗ ಹಿಡಿದಿದೆ ಎಂದು ಇಲ್ಲಿ ವಿಂಗಡಿಸಿ ಕಾಣುತ್ತದೆ. ಈ ಪುಟವನ್ನು ಎರಡು ನಿಮಿಷ ಸಮಾಧಾನವಾಗಿ ಓದಿ. ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ತಪ್ಪು ಸಿಸ್ಟಮ್ ಫೈಲ್‌ಗಳದ್ದೇ ಅಲ್ಲ. ಮದುವೆಯ ವಿಡಿಯೋ, ಮೊಬೈಲ್‌ನಿಂದ ಇಳಿಸಿಕೊಂಡ ಫೋಟೋಗಳ ಎರಡು ಮೂರು ಪ್ರತಿ, ಒಮ್ಮೆ ಇನ್‌ಸ್ಟಾಲ್ ಮಾಡಿ ಮರೆತ ಆಟ, ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಹಳೆಯ ಸೆಟಪ್ ಫೈಲ್‌ಗಳು: ಜಾಗ ಹೋಗಿರುವುದು ಅಲ್ಲಿ. ಅವನ್ನು ಬೇರೆ ಡ್ರೈವ್‌ಗೆ ಸಾಗಿಸಿದರೆ ವಿಂಡೋಸ್ ಫೋಲ್ಡರ್ ಕಡೆ ತಿರುಗಿ ನೋಡುವ ಅಗತ್ಯವೇ ಬರುವುದಿಲ್ಲ.

ಅದೇ ಪುಟದ ಟೆಂಪರರಿ ಫೈಲ್ಸ್ ಎಂಬುದರ ಮೇಲೆ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ವಿಂಡೋಸ್ ತಾನು ಹುಟ್ಟಿಸಿದ್ದನ್ನು ತಾನೇ ತೆಗೆಯುವ ದಾರಿ ಇದು. ಥಂಬ್‌ನೇಲ್ಸ್ ತೆಗೆಯಬಹುದು, ಫೋಟೋ ಫೋಲ್ಡರ್ ತೆರೆದಾಗ ಮತ್ತೆ ತಯಾರಾಗುತ್ತವೆ. ಡೆಲಿವರಿ ಆಪ್ಟಿಮೈಸೇಶನ್ ಫೈಲ್‌ಗಳು ಅಪ್‌ಡೇಟನ್ನು ಬೇರೆ ಕಂಪ್ಯೂಟರ್‌ಗಳಿಗೆ ಹಂಚಲು ಇಟ್ಟ ಪ್ರತಿಗಳು, ಅವೂ ಹೋಗಲಿ. ಡೈರೆಕ್ಟ್‌ಎಕ್ಸ್ ಶೇಡರ್ ಕ್ಯಾಶ್ ಎಂದರೆ ಆಟಗಳ ಚಿತ್ರ ಬೇಗ ಮೂಡಲು ಮೊದಲೇ ತಯಾರಿಸಿಟ್ಟ ಫೈಲ್‌ಗಳು; ತೆಗೆದರೆ ಆಟಗಳು ಮೊದಲ ಸಲ ಸ್ವಲ್ಪ ತಡವಾಗಿ ತೆರೆದುಕೊಳ್ಳುತ್ತವೆ, ಅಷ್ಟೇ. ಎರರ್ ರಿಪೋರ್ಟ್‌ಗಳು, ತಾತ್ಕಾಲಿಕ ಇಂಟರ್‌ನೆಟ್ ಫೈಲ್‌ಗಳು, ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಇವೆಲ್ಲ ನಿರಾತಂಕ.

ಇದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ಅದಕ್ಕೆ ಟಿಕ್ ಹಾಕುವ ಮುನ್ನ ಹತ್ತು ಸಲ ಯೋಚಿಸಿ. ಅದು ನಿಮ್ಮ ಸ್ವಂತ ಡೌನ್‌ಲೋಡ್ಸ್ ಫೋಲ್ಡರ್. ಆಧಾರ್ ಪ್ರತಿ, ಪಹಣಿ, ಮಕ್ಕಳ ಅಂಕಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ನಮ್ಮಲ್ಲಿ ಹೆಚ್ಚಿನವರು ಇಳಿಸಿಕೊಂಡು ಅಲ್ಲೇ ಬಿಟ್ಟಿರುತ್ತೇವೆ. 2018ರಲ್ಲಿ ಬಂದ ವಿಂಡೋಸ್ 10ರ ಒಂದು ಆವೃತ್ತಿಯಲ್ಲಿ ವಿಂಡೋಸ್‌ನದ್ದೇ ಹಳೆಯ ಗುಡಿಸುವ ಉಪಕರಣವಾದ ಡಿಸ್ಕ್ ಕ್ಲೀನಪ್‌ನೊಳಗೂ ಈ ಸಾಲನ್ನು ಸೇರಿಸಿದ್ದರು. ಎಲ್ಲಕ್ಕೂ ಟಿಕ್ ಹಾಕುವ ಅಭ್ಯಾಸವಿದ್ದವರು ಫೈಲ್ ಕಳೆದುಕೊಂಡರು. 2020ರ ಆವೃತ್ತಿಯಲ್ಲಿ ಡಿಸ್ಕ್ ಕ್ಲೀನಪ್‌ನಿಂದ ಅದನ್ನು ತೆಗೆದರು, ಆದರೆ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಉಳಿದಿದೆ.

ಇನ್ನೂ ಸ್ವಲ್ಪ ಬೇಕೆಂದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಟೆಂಪ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ತೆರೆಯುವ ಫೋಲ್ಡರ್ ನಿಮ್ಮ ಖಾತೆಯ ತಾತ್ಕಾಲಿಕ ಜಾಗ. ರೀಸ್ಟಾರ್ಟ್ ಆದ ಮೇಲೆ, ಬೇರೆ ಪ್ರೋಗ್ರಾಂ ತೆರೆಯುವ ಮುಂಚೆ ಅಲ್ಲಿರುವುದನ್ನು ಅಳಿಸಬಹುದು. ಕೆಲವು ಫೈಲ್ ಬಳಕೆಯಲ್ಲಿವೆ ಎಂದು ಹೇಳಿದರೆ ಸ್ಕಿಪ್ ಕೊಟ್ಟು ಬಿಟ್ಟುಬಿಡಿ. ಒಂದು ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುತ್ತಿರುವಾಗಲೋ, ರೀಸ್ಟಾರ್ಟ್ ಮಾಡಿ ಎಂದು ಅಪ್‌ಡೇಟ್ ಕೇಳುತ್ತಿರುವಾಗಲೋ ಇದನ್ನು ಮಾಡಬೇಡಿ.

ಪ್ರೀಫೆಚ್ ಫೋಲ್ಡರ್ ಖಾಲಿ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆ ಎಂದು ಹೇಳುವ ವಿಡಿಯೋಗಳು ಬಹಳ ಇವೆ. ನಂಬಬೇಡಿ. ಅದು ಪ್ರೋಗ್ರಾಂಗಳನ್ನು ಬೇಗ ತೆರೆಯಲು ವಿಂಡೋಸ್ ಬರೆದಿಟ್ಟುಕೊಂಡ ಟಿಪ್ಪಣಿ. ಹಿಡಿದಿರುವ ಜಾಗವೂ ಅಲ್ಪ. ಅಳಿಸಿದರೆ ಹಾನಿಯಿಲ್ಲ, ಆದರೆ ಮತ್ತೆ ಬರೆದುಕೊಳ್ಳುವವರೆಗೆ ಎಲ್ಲ ನಿಧಾನವೇ.

ಅಪ್‌ಗ್ರೇಡ್ ಆದ ಮಾರನೆಯ ದಿನ ಇಪ್ಪತ್ತು ಮೂವತ್ತು ಜಿಬಿ ಮಾಯ

ಸಿ ಡ್ರೈವ್ ತೆರೆದು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರ್ ಇದೆಯೇ ನೋಡಿ. ಹೊಸ ಆವೃತ್ತಿ ಕೂರುವಾಗ ಹಳೆಯ ವಿಂಡೋಸ್ ಪೂರ್ತಿ ಈ ಫೋಲ್ಡರ್‌ಗೆ ಹೋಗುತ್ತದೆ, ಹೊಸದು ಹಿಡಿಸದಿದ್ದರೆ ಹಿಂದಕ್ಕೆ ಹೋಗಲಿ ಎಂದು. ಸಾಮಾನ್ಯವಾಗಿ 10 ದಿನದ ಅವಕಾಶ. ಆಮೇಲೆ ವಿಂಡೋಸೇ ಅದನ್ನು ತೆಗೆದುಹಾಕುತ್ತದೆ. ಹಾಗಾಗಿ ತೀರಾ ತುರ್ತಿಲ್ಲದಿದ್ದರೆ ಏನೂ ಮಾಡದೆ ಕಾಯುವುದೇ ಉತ್ತಮ. ಪ್ರಿಂಟರ್, ಸ್ಕ್ಯಾನರ್, ಬ್ಯಾಂಕ್ ಕೆಲಸ, ಕನ್ನಡ ಟೈಪಿಂಗ್ ಎಲ್ಲ ಹೊಸ ಆವೃತ್ತಿಯಲ್ಲಿ ಸರಿಯಾಗಿ ನಡೆಯುತ್ತಿವೆಯೇ ಎಂದು ಈ ಹತ್ತು ದಿನದಲ್ಲಿ ನೋಡಿಕೊಳ್ಳಿ.

ಈಗಲೇ ಬೇಕೆಂದರೆ ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್ ಎಂಬುದಕ್ಕೆ ಟಿಕ್ ಹಾಕಿ ತೆಗೆಯಿರಿ. ಫೋಲ್ಡರ್ ಮೇಲೆ ನೇರ ಡಿಲೀಟ್ ಒತ್ತಿದರೆ ಅನುಮತಿ ಇಲ್ಲ ಎನ್ನುತ್ತದೆ, ಅರ್ಧ ಅಳಿದು ಅರ್ಧ ಉಳಿಯುತ್ತದೆ.

ಇಲ್ಲಿ ಒಂದು ದೊಡ್ಡ ಅಪಾಯವಿದೆ. ಕಂಪ್ಯೂಟರ್ ಕೆಟ್ಟಾಗ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ಹೊಸ ವಿಂಡೋಸ್ ಹಾಕಿಕೊಟ್ಟಿದ್ದರೆ, ನಿಮ್ಮ ಹಳೆಯ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ವಿಂಡೋಸ್ ಡಾಟ್ ಓಲ್ಡ್ ಒಳಗಿನ ಯೂಸರ್ಸ್ ಫೋಲ್ಡರ್‌ನಲ್ಲಿ ಇರಬಹುದು. ಹೊಸ ವಿಂಡೋಸ್‌ನಲ್ಲಿ ಫೋಟೋ ಕಾಣಿಸುತ್ತಿಲ್ಲ ಎನ್ನುವವರು ಮೊದಲು ನೋಡಬೇಕಾದ್ದು ಅಲ್ಲಿ. ನಕಲು ಮಾಡಿಕೊಂಡ ಮೇಲೆಯೇ ಉಳಿದ ಮಾತು.

ಅಪ್‌ಡೇಟ್ ಇಳಿಯುತ್ತಿಲ್ಲ, ಜಾಗ ಸಾಲದು ಎನ್ನುತ್ತಿದೆ

ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 0ಎಕ್ಸ್80070070 ಎಂಬ ಸಂಕೇತ ಕಂಡರೆ ಅದರ ಅರ್ಥ ಡಿಸ್ಕ್‌ನಲ್ಲಿ ಜಾಗವಿಲ್ಲ ಎಂದೇ. ಮೇಲೆ ಹೇಳಿದ ಟೆಂಪರರಿ ಫೈಲ್ಸ್ ಕೆಲಸವನ್ನು ಮೊದಲು ಮುಗಿಸಿ. ನಂತರವೂ ಅಪ್‌ಡೇಟ್ ಅದೇ ಜಾಗದಲ್ಲಿ ಸಿಕ್ಕಿಕೊಂಡಿದ್ದರೆ, ಅರ್ಧ ಇಳಿದ ಫೈಲ್‌ಗಳು ಕೊಳೆಯುತ್ತಿರಬಹುದು.

ಅವು ಇರುವುದು ವಿಂಡೋಸ್ ಫೋಲ್ಡರ್‌ನ ಒಳಗೆ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್, ಅದರೊಳಗೆ ಡೌನ್‌ಲೋಡ್ ಎಂಬ ಫೋಲ್ಡರ್‌ನಲ್ಲಿ. ವಿಂಡೋಸ್ ಫೋಲ್ಡರ್‌ನಲ್ಲಿ ಕೈಯಾರೆ ಖಾಲಿ ಮಾಡಬಹುದಾದ ಕೆಲವೇ ಜಾಗಗಳಲ್ಲಿ ಇದೊಂದು. ಆದರೆ ಕ್ರಮ ಮುಖ್ಯ. ಸರ್ವೀಸಸ್ ಎಂದು ಹುಡುಕಿ ತೆರೆದು, ವಿಂಡೋಸ್ ಅಪ್‌ಡೇಟ್ ಮತ್ತು ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವೀಸ್ ಎರಡನ್ನೂ ನಿಲ್ಲಿಸಿ. ಡೌನ್‌ಲೋಡ್ ಫೋಲ್ಡರ್‌ನ ಒಳಗಿರುವುದನ್ನು ಮಾತ್ರ ಅಳಿಸಿ, ಫೋಲ್ಡರನ್ನಲ್ಲ. ಎರಡೂ ಸರ್ವೀಸ್ ಮತ್ತೆ ಚಾಲೂ ಮಾಡಿ, ರೀಸ್ಟಾರ್ಟ್ ಮಾಡಿ, ಅಪ್‌ಡೇಟ್ ಹುಡುಕಿ. ಬೇಕಾದದ್ದು ಹೊಸದಾಗಿ ಇಳಿಯುತ್ತದೆ. ಮೊಬೈಲ್ ಡೇಟಾದಲ್ಲಿ ಕೆಲಸ ಮಾಡುವವರು ಅಷ್ಟು ಡೇಟಾ ಮತ್ತೆ ಖರ್ಚಾಗುತ್ತದೆ ಎಂಬುದನ್ನು ನೆನಪಿಡಿ.

32 ಜಿಬಿ ಸಂಗ್ರಹದ ಅಗ್ಗದ ಲ್ಯಾಪ್‌ಟಾಪ್ ಇದ್ದವರಿಗೆ ನೇರವಾಗಿ ಹೇಳುತ್ತೇನೆ: ಎಷ್ಟು ಗುಡಿಸಿದರೂ ಸಾಲದು. ವಿಂಡೋಸ್ 11 ಕೇಳುವ ಕನಿಷ್ಠವೇ 64 ಜಿಬಿ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಂಗ್ರಹದ ಚಿಪ್ ಸಾಮಾನ್ಯವಾಗಿ ಬೋರ್ಡ್‌ಗೇ ಬೆಸೆದಿರುವುದರಿಂದ ಬದಲಿಸಲೂ ಆಗದು. ದೊಡ್ಡ ಅಪ್‌ಡೇಟ್ ವೇಳೆ ವಿಂಡೋಸ್ ಹೊರಗಿನ ಡ್ರೈವ್ ಕೇಳಿದರೆ ಖಾಲಿ ಪೆನ್ ಡ್ರೈವ್ ಕೊಡಿ, ಕೆಲಸ ಮುಗಿಯುವವರೆಗೆ ಕೀಳಬೇಡಿ. ಇದು ದಾಟಿಸುವ ಉಪಾಯ ಮಾತ್ರ. ಸಿಸ್ಟಮ್ ಫೈಲ್ ಅಳಿಸಿ ಅದನ್ನು ಬದುಕಿಸುವ ಪ್ರಯತ್ನ ಮಾಡಬೇಡಿ.

ಎಲ್ಲ ಫೋಲ್ಡರ್ ಕೂಡಿಸಿದರೆ 90 ಜಿಬಿ, ಡ್ರೈವ್ ಮಾತ್ರ 130 ಬಳಕೆ ಎನ್ನುತ್ತಿದೆ

ಈ ವ್ಯತ್ಯಾಸ ಕಂಡವರು ವೈರಸ್ ಎಂದು ಹೆದರುತ್ತಾರೆ. ಸಾಮಾನ್ಯವಾಗಿ ಅದು ಮರೆಯಲ್ಲಿರುವ ಎರಡು ಬಗೆಯ ಬಾಬತ್ತುಗಳ ಮೊತ್ತ.

ಮೊದಲನೆಯದು ಹೈಬರ್‌ಫಿಲ್ ಡಾಟ್ ಸಿಸ್. ಹೈಬರ್ನೇಟ್ ಮಾಡಿದಾಗ ರ್‍ಯಾಮ್‌ನಲ್ಲಿದ್ದುದನ್ನು ಡಿಸ್ಕ್‌ಗೆ ಬರೆದಿಡುವ ಫೈಲ್. ಮೂಲ ಗಾತ್ರ ರ್‍ಯಾಮ್‌ನ ಸುಮಾರು ಶೇಕಡಾ 40, ಅಂದರೆ 16 ಜಿಬಿ ರ್‍ಯಾಮ್ ಇದ್ದರೆ ಆರು ಜಿಬಿಗೂ ಮೇಲೆ. ಡೆಸ್ಕ್‌ಟಾಪ್‌ನಲ್ಲಿ ಹೈಬರ್ನೇಟ್ ಬಳಸುವವರು ಕಡಿಮೆ, ಅಲ್ಲಿ ತೆಗೆಯಬಹುದು. ಆದರೆ ಫೈಲನ್ನು ಅಳಿಸುವುದಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಪವರ್ ಎಂಬುದಕ್ಕೆ ಸಿ ಎಫ್ ಜಿ ಅಕ್ಷರ ಅಂಟಿಸಿ ಬರೆದು, ಒಂದು ಸ್ಪೇಸ್, ಸ್ಲಾಶ್ ಎಚ್, ಮತ್ತೊಂದು ಸ್ಪೇಸ್, ಆಫ್ ಎಂದು ಟೈಪ್ ಮಾಡಿ ಎಂಟರ್ ಕೊಟ್ಟರೆ ಫೈಲ್ ತಾನೇ ಹೋಗುತ್ತದೆ. ಕೊನೆಯಲ್ಲಿ ಆಫ್ ಬದಲು ಆನ್ ಎಂದರೆ ವಾಪಸ್ಸು. ಇದರ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಆನ್ ಆಗಲು ಹೆಚ್ಚು ಹೊತ್ತು ಹಿಡಿಯುವುದು ಗೊತ್ತಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನಾನಂತೂ ಬಿಟ್ಟುಬಿಡಿ ಎನ್ನುತ್ತೇನೆ. ಬ್ಯಾಟರಿ ತೀರುವ ಹೊತ್ತಿಗೆ ತೆರೆದಿಟ್ಟ ಕೆಲಸವನ್ನು ಉಳಿಸುವುದು ಅದೇ ಫೈಲ್.

ಪೇಜ್‌ಫೈಲ್ ಡಾಟ್ ಸಿಸ್ ಇದರ ಪಕ್ಕದಲ್ಲೇ ಇರುತ್ತದೆ. ರ್‍ಯಾಮ್ ಸಾಲದಾದಾಗ ವಿಂಡೋಸ್ ಆಸರೆ ಪಡೆಯುವ ಜಾಗ ಅದು. ಬಹಳ ದೊಡ್ಡದಾಗಿದ್ದರೆ ರ್‍ಯಾಮ್ ಕಡಿಮೆಯಿದೆ ಎಂಬ ಸುಳಿವು. ಪರಿಹಾರ ರ್‍ಯಾಮ್ ಹೆಚ್ಚಿಸುವುದೇ ಹೊರತು ಪೇಜ್‌ಫೈಲ್ ನಿಲ್ಲಿಸುವುದಲ್ಲ. ನಿಲ್ಲಿಸಿದರೆ ತೆರೆದ ಪ್ರೋಗ್ರಾಂಗಳು ಹೇಳದೆ ಕೇಳದೆ ಮುಚ್ಚಿಹೋಗಬಹುದು.

ಎರಡನೆಯದು ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್. ರಿಸ್ಟೋರ್ ಪಾಯಿಂಟ್‌ಗಳು ಇಲ್ಲಿರುತ್ತವೆ. ಫೋಲ್ಡರ್ ಒಳಗೆ ಹೋಗಲು ಬಿಡದ ಕಾರಣ ನಿಮ್ಮ ಕೂಡಿಸುವ ಲೆಕ್ಕದಲ್ಲಿ ಇದು ಸೊನ್ನೆ. ಸ್ಟಾರ್ಟ್‌ನಲ್ಲಿ ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್ ಎಂದು ಹುಡುಕಿ, ಕಾನ್ಫಿಗರ್ ಒತ್ತಿದರೆ ಈಗ ಎಷ್ಟು ಬಳಕೆಯಾಗಿದೆ, ಗರಿಷ್ಠ ಎಷ್ಟು ಎಂದು ಕಾಣುತ್ತದೆ. ಅಲ್ಲೇ ಮಿತಿಯನ್ನು ತಗ್ಗಿಸಬಹುದು. ಪೂರ್ತಿ ನಿಲ್ಲಿಸಬೇಡಿ. ಒಂದು ಡ್ರೈವರ್, ಅಂದರೆ ಪ್ರಿಂಟರ್‌ನಂಥ ಸಾಧನವನ್ನು ನಡೆಸುವ ಸಾಫ್ಟ್‌ವೇರ್, ಕೈಕೊಟ್ಟ ದಿನ ಹಿಂದಿನ ಸ್ಥಿತಿಗೆ ಮರಳಲು ಇರುವ ಅತ್ಯಂತ ಸುಲಭದ ದಾರಿ ಇದು.

ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್‌ನದ್ದು ಇದಕ್ಕೆ ತಿರುವುಮುರುವು, ಅದು ಕೂಡಿಸುವ ಲೆಕ್ಕವನ್ನು ಹಿಗ್ಗಿಸುತ್ತದೆ. ಎಲ್ಲರ ಕಣ್ಣೂ ಇದರ ಮೇಲೆ. ವಿಂಡೋಸ್ ಫೋಲ್ಡರ್ ಒಳಗಿನ ಈ ಒಂದೇ ಫೋಲ್ಡರ್ ಹತ್ತು ಜಿಬಿ ದಾಟಿರುವುದು ಮಾಮೂಲು. ವಿಂಡೋಸ್‌ನ ಎಲ್ಲ ಭಾಗಗಳ ಮೂಲ ಪ್ರತಿ ಇಲ್ಲಿರುತ್ತದೆ. ಸಿಸ್ಟಮ್32 ಫೋಲ್ಡರ್‌ನಲ್ಲಿ ನೀವು ಕಾಣುವ ಬಹುಪಾಲು ಫೈಲ್‌ಗಳು ಇದೇ ಫೈಲ್‌ಗಳ ಇನ್ನೊಂದು ಹೆಸರು ಮಾತ್ರ, ಡಿಸ್ಕ್‌ನಲ್ಲಿ ದತ್ತಾಂಶ ಇರುವುದು ಒಂದೇ ಪ್ರತಿ. ಒಂದೇ ಜಮೀನಿನ ಪಹಣಿಯಲ್ಲಿ ಇಬ್ಬರ ಹೆಸರಿದ್ದಾಗ ಒಬ್ಬೊಬ್ಬರ ಹೆಸರಿಗೂ ಪೂರ್ತಿ ಎಕರೆ ಬರೆದು ಕೂಡಿಸಿದರೆ ಇಲ್ಲದ ಭೂಮಿ ಲೆಕ್ಕಕ್ಕೆ ಬರುತ್ತದಲ್ಲ, ಫೈಲ್ ಎಕ್ಸ್‌ಪ್ಲೋರರ್ ತೋರಿಸುವ ಗಾತ್ರವೂ ಹಾಗೆಯೇ. ನಿಜವಾಗಿ ಹಿಡಿದಿರುವುದು ಅದಕ್ಕಿಂತ ಕಡಿಮೆ.

ಇದರೊಳಗಿನ ಒಂದೇ ಒಂದು ಫೈಲನ್ನೂ ಕೈಯಾರೆ ಅಳಿಸಬೇಡಿ. ಮುಂದಿನ ಅಪ್‌ಡೇಟ್ ನಿಲ್ಲಬಹುದು, ಕಂಪ್ಯೂಟರ್ ಆನ್ ಆಗದೆಯೂ ಹೋಗಬಹುದು. ಹಳೆಯ ಅಪ್‌ಡೇಟ್‌ಗಳ ಪ್ರತಿಗಳನ್ನು ವಿಂಡೋಸ್ ತಾನೇ ಆಗಾಗ ತೆಗೆಯುತ್ತದೆ. ಬೇಗ ಆಗಬೇಕೆಂದರೆ ಡಿಸ್ಕ್ ಕ್ಲೀನಪ್ ತೆರೆದು, ಕ್ಲೀನಪ್ ಸಿಸ್ಟಮ್ ಫೈಲ್ಸ್ ಒತ್ತಿ, ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಆರಿಸಿ. ವಿಂಡೋಸ್‌ನ ಭಾಗಗಳನ್ನು ನಿರ್ವಹಿಸುವ ಡಿಐಎಸ್‌ಎಂ ಎಂಬ ಆಜ್ಞೆಗೆ ರೀಸೆಟ್‌ಬೇಸ್ ಎಂಬ ಪದ ಸೇರಿಸಿ ಇನ್ನೂ ಜಾಗ ಉಳಿಸಿ ಎಂಬ ಸಲಹೆ ಸಿಗುತ್ತದೆ. ಅದನ್ನು ಓಡಿಸಿದ ಮೇಲೆ ಆಗಲೇ ಕೂತಿರುವ ಅಪ್‌ಡೇಟ್‌ಗಳನ್ನು ಹಿಂತೆಗೆಯಲು ಆಗುವುದಿಲ್ಲ. ಮನೆಯ ಕಂಪ್ಯೂಟರ್‌ಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಏನೂ ಹಾಕದಿದ್ದರೂ ದಿನದಿಂದ ದಿನಕ್ಕೆ ಜಾಗ ಕರಗುತ್ತಿದೆ

ಒಮ್ಮೆ ತುಂಬಿ ನಿಂತಿರುವುದು ಬೇರೆ, ತಾನಾಗಿ ಕರಗುತ್ತಿರುವುದು ಬೇರೆ. ಕರಗುತ್ತಿದೆ ಎಂದರೆ ಯಾವುದೋ ಪ್ರೋಗ್ರಾಂ ಬರೆಯುತ್ತಲೇ ಇದೆ. ಇಲ್ಲಿ ಅಳಿಸುವುದಕ್ಕಿಂತ ಬರೆಯುತ್ತಿರುವುದು ಯಾವುದೆಂದು ಪತ್ತೆ ಹಚ್ಚುವುದು ಮುಖ್ಯ, ಇಲ್ಲವಾದರೆ ಇಂದು ಬಿಡಿಸಿದ ಜಾಗ ನಾಳೆ ಮತ್ತೆ ತುಂಬುತ್ತದೆ. ವಿಜ್‌ಟ್ರೀ, ವಿನ್‌ಡರ್‌ಸ್ಟಾಟ್, ಟ್ರೀಸೈಜ್ ಫ್ರೀ ಇವುಗಳಲ್ಲಿ ಒಂದನ್ನು ಅದರ ಸ್ವಂತ ತಾಣದಿಂದ ಇಳಿಸಿಕೊಂಡು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಇವು ಫೋಲ್ಡರ್‌ಗಳನ್ನು ಗಾತ್ರದ ಕ್ರಮದಲ್ಲಿ ತೋರಿಸುತ್ತವೆ. ನೋಡಲು ಬಳಸಿ, ಇವುಗಳಿಂದ ಅಳಿಸಲು ಹೋಗಬೇಡಿ. ಇಂದಿನ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡು ಎರಡು ದಿನ ಬಿಟ್ಟು ಮತ್ತೆ ನೋಡಿದರೆ ಬೆಳೆಯುತ್ತಿರುವುದು ಯಾವುದೆಂದು ತಿಳಿಯುತ್ತದೆ.

ವಿಂಡೋಸ್ ಫೋಲ್ಡರ್‌ನಲ್ಲಿ ಮೆಮೊರಿ ಡಾಟ್ ಡಿಎಂಪಿ ಅಥವಾ ಲೈವ್ ಕರ್ನಲ್ ರಿಪೋರ್ಟ್ಸ್ ದೊಡ್ಡದಾಗಿದ್ದರೆ, ಕಂಪ್ಯೂಟರ್ ಒಳಗಿಂದ ಎಡವುತ್ತಿದೆ ಎಂದರ್ಥ. ಮೊದಲನೆಯದು ನೀಲಿ ಪರದೆ ಬಂದಾಗ ಬರೆಯುವ ವರದಿ, ಎರಡನೆಯದು ನೀಲಿ ಪರದೆ ಬಾರದೆಯೇ ಒಳಗೆ ದೋಷ ಕಂಡಾಗ ಬರೆಯುವುದು. ಟೆಂಪರರಿ ಫೈಲ್ಸ್ ಪಟ್ಟಿಯಿಂದ ಅಥವಾ ಡಿಸ್ಕ್ ಕ್ಲೀನಪ್‌ನಿಂದ ಅಳಿಸಲು ಅಡ್ಡಿಯಿಲ್ಲ. ಆದರೆ ನೀಲಿ ಪರದೆ ಇನ್ನೂ ಬರುತ್ತಿದ್ದರೆ ಅಳಿಸಬೇಡಿ, ರಿಪೇರಿ ಮಾಡುವವರಿಗೆ ದೋಷ ಹುಡುಕಲು ಇರುವ ಸಾಕ್ಷಿ ಅದೇ.

ವಿಂಡೋಸ್ ಫೋಲ್ಡರ್‌ನೊಳಗಿನ ಟೆಂಪ್ ಫೋಲ್ಡರ್‌ನಲ್ಲಿ ಕ್ಯಾಬ್ ಎಂದು ಶುರುವಾಗುವ ಹೆಸರಿನ ಫೈಲ್‌ಗಳು ಸಾಲುಸಾಲಾಗಿ ಹುಟ್ಟುತ್ತಿದ್ದರೆ ಅದರ ಕಥೆ ಬೇರೆ. ವಿಂಡೋಸ್ 7ರ ಕಾಲದಿಂದ ಚೆನ್ನಾಗಿ ಗೊತ್ತಿರುವ ದೋಷ ಇದು. ಅಪ್‌ಡೇಟ್ ವ್ಯವಸ್ಥೆ ತನ್ನ ದಿನಚರಿಯನ್ನು ವಿಂಡೋಸ್‌ನ ಲಾಗ್ಸ್ ಫೋಲ್ಡರ್‌ನಲ್ಲಿ, ಸಿಬಿಎಸ್ ಎಂಬ ಉಪಫೋಲ್ಡರ್‌ನಲ್ಲಿ ಬರೆಯುತ್ತದೆ. ಅದು ದೊಡ್ಡದಾದಾಗ ಕುಗ್ಗಿಸಿಡುವ ಉಪಕರಣಕ್ಕೆ 2 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಪ್ರಯತ್ನಿಸುತ್ತದೆ, ಸೋಲುತ್ತದೆ, ಅರ್ಧ ಮಾಡಿದ ಫೈಲನ್ನು ಟೆಂಪ್‌ನಲ್ಲೇ ಬಿಟ್ಟು ಮತ್ತೆ ಮೊದಲಿನಿಂದ ಪ್ರಯತ್ನಿಸುತ್ತದೆ. ಹೀಗೆ ಡಿಸ್ಕ್ ತುಂಬುವವರೆಗೂ ನಡೆಯುತ್ತದೆ. ಟೆಂಪ್ ಖಾಲಿ ಮಾಡಿದರೆ ಉಪಯೋಗವಿಲ್ಲ, ಬೇರು ಇರುವುದು ಆ ದೊಡ್ಡ ಲಾಗ್‌ನಲ್ಲಿ. ಸರ್ವೀಸಸ್‌ನಲ್ಲಿ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ನಿಲ್ಲಿಸಿ, ಸಿಬಿಎಸ್ ಪರ್ಸಿಸ್ಟ್ ಎಂದು ಶುರುವಾಗುವ ಬೃಹತ್ ಲಾಗ್ ಫೈಲನ್ನು ಬೇರೆ ಡ್ರೈವ್‌ಗೆ ಸಾಗಿಸಿ, ಆಮೇಲೆ ಟೆಂಪ್‌ನ ಕ್ಯಾಬ್ ಫೈಲ್‌ಗಳನ್ನು ಅಳಿಸಿ, ರೀಸ್ಟಾರ್ಟ್ ಮಾಡಿ.

ಬೆಳೆಯುತ್ತಿರುವುದು ವಿಂಡೋಸ್ ಡಾಟ್ ಇಡಿಬಿ ಆದರೆ ಅದು ಹುಡುಕಾಟದ ಸೂಚಿ. ಇಂಡೆಕ್ಸಿಂಗ್ ಆಪ್ಶನ್ಸ್ ತೆರೆದು, ಅಡ್ವಾನ್ಸ್ಡ್ ಒಳಗೆ ರೀಬಿಲ್ಡ್ ಕೊಡಿ.

ಯೂಸರ್ಸ್ ಒಳಗಿನ ಆ್ಯಪ್‌ಡೇಟಾ ಬೆಳೆಯುತ್ತಿದ್ದರೆ ಯಾವ ಪ್ರೋಗ್ರಾಂನ ಹೆಸರಿನಡಿ ಎಂದು ನೋಡಿ. ಬ್ರೌಸರ್ ಆದರೆ ಬ್ರೌಸರ್‌ನ ಒಳಗಿಂದಲೇ ಕ್ಯಾಶ್ ತೆಗೆಯಿರಿ, ಪಾಸ್‌ವರ್ಡ್‌ಗಳ ಸಾಲಿಗೆ ಟಿಕ್ ಹಾಕದೆ. ವಾಟ್ಸ್ಆ್ಯಪ್ ಆದರೆ ಅದರ ಸೆಟ್ಟಿಂಗ್ಸ್ ನೋಡಿ. ಆ್ಯಪ್‌ಡೇಟಾ ಫೋಲ್ಡರನ್ನೇ ಅಳಿಸುವ ಸಾಹಸ ಬೇಡ, ಬುಕ್‌ಮಾರ್ಕ್, ಉಳಿಸಿದ ಪಾಸ್‌ವರ್ಡ್, ಎಷ್ಟೋ ಜನರ ಇಮೇಲ್ ಸಂಗ್ರಹ ಇರುವುದು ಅಲ್ಲೇ. ಗುರುತಿಲ್ಲದ ಪ್ರೋಗ್ರಾಂ ಒಂದು ನಿಲ್ಲದೆ ಬರೆಯುತ್ತಿದ್ದರೆ ವಿಂಡೋಸ್‌ನಲ್ಲೇ ಇರುವ ವೈರಸ್ ತಡೆ ಡಿಫೆಂಡರ್‌ನಲ್ಲಿ ಪೂರ್ಣ ಸ್ಕ್ಯಾನ್ ಮಾಡಿ.

ಅಳಿಸಿದ್ದಾಯಿತು, ಜಾಗ ಮಾತ್ರ ವಾಪಸ್ ಬಂದಿಲ್ಲ

ರೀಸೈಕಲ್ ಬಿನ್‌ನಲ್ಲಿ ಕೂತಿದೆಯೇ ನೋಡಿ. ಇಲ್ಲವಾದರೆ ರೀಸ್ಟಾರ್ಟ್, ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ಹಿಡಿದಿದ್ದರೆ ಬಿಡುತ್ತದೆ. ಒನ್‌ಡ್ರೈವ್ ಬಳಸುವವರು ಇನ್ನಷ್ಟು ಎಚ್ಚರದಿಂದಿರಬೇಕು. ಒನ್‌ಡ್ರೈವ್ ಫೋಲ್ಡರ್‌ನಲ್ಲಿ ಡಿಲೀಟ್ ಒತ್ತಿದರೆ ಫೈಲ್ ನಿಮ್ಮ ಎಲ್ಲ ಸಾಧನಗಳಿಂದಲೂ ಹೋಗುತ್ತದೆ. ಜಾಗ ಮಾತ್ರ ಬೇಕೆಂದರೆ ಫೈಲ್ ಮೇಲೆ ಬಲ ಗುಂಡಿ ಒತ್ತಿ ಫ್ರೀ ಅಪ್ ಸ್ಪೇಸ್ ಆರಿಸಿ.

ಅಳಿಸಲು ಹೋದರೆ ಟ್ರಸ್ಟೆಡ್ ಇನ್‌ಸ್ಟಾಲರ್ ಅನುಮತಿ ಬೇಕು ಎನ್ನುತ್ತದೆ

ಇಲ್ಲಿ ನಿಲ್ಲಿ. ಈ ಮಾತು ಅಡಚಣೆಯಲ್ಲ, ಉತ್ತರ. ಆ ಫೈಲ್ ವಿಂಡೋಸ್‌ನದ್ದು, ಅಡ್ಮಿನಿಸ್ಟ್ರೇಟರ್‌ಗೂ ಅದರ ಮೇಲೆ ಹಕ್ಕಿಲ್ಲದಂತೆ ಉದ್ದೇಶಪೂರ್ವಕವಾಗಿ ಇಟ್ಟಿದ್ದಾರೆ. ಮಾಲೀಕತ್ವ ಬದಲಿಸಿಕೊಂಡು ಅಳಿಸುವ ಆಜ್ಞೆಗಳನ್ನು ಹೇಳಿಕೊಡುವ ವಿಡಿಯೋಗಳಿವೆ. ಅವರು ತೋರಿಸುವುದು ಅಳಿಸುವವರೆಗೆ, ಆಮೇಲಿನದನ್ನಲ್ಲ.

ಅನುಮತಿ ಕೇಳದೆಯೂ ಅಳಿದುಬಿಡಬಹುದಾದ, ಆದರೆ ಅಳಿಸಲೇಬಾರದ ಜಾಗಗಳೂ ಇವೆ. ವಿಂಡೋಸ್ ಒಳಗೆ ಮರೆಯಾಗಿರುವ ಇನ್‌ಸ್ಟಾಲರ್ ಫೋಲ್ಡರ್ ಅಂಥದ್ದು. ನೀವು ಹಾಕಿದ ಸಾಫ್ಟ್‌ವೇರ್‌ಗಳ ಸೆಟಪ್ ಪ್ರತಿಗಳು, ಪ್ಯಾಚ್‌ಗಳು ಅಲ್ಲಿರುತ್ತವೆ. ಅಳಿಸಿದ ದಿನ ಏನೂ ಆಗುವುದಿಲ್ಲ. ತಿಂಗಳುಗಳ ನಂತರ ಆಫೀಸ್ ಅಪ್‌ಡೇಟ್ ಮಾಡಲು ಹೋದಾಗಲೋ ಒಂದು ಸಾಫ್ಟ್‌ವೇರ್ ತೆಗೆಯಲು ಹೋದಾಗಲೋ ಇನ್‌ಸ್ಟಾಲರ್ ಫೈಲ್ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ, ಆ ಹೊತ್ತಿಗೆ ಎರಡಕ್ಕೂ ಸಂಬಂಧವಿದೆ ಎಂಬುದೇ ಹೊಳೆಯುವುದಿಲ್ಲ. ಡ್ರೈವರ್ ಸ್ಟೋರ್, ಸಿಸ್ಟಮ್32 ಇವನ್ನೂ ಮುಟ್ಟಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹೆಸರಿಲ್ಲದೆ ಕಾಣುವ ಚಿಕ್ಕ ಪಾರ್ಟಿಶನ್‌ಗಳು ಆನ್ ಆಗಲು ಮತ್ತು ರಿಕವರಿಗೆ ಬೇಕಾದವು, ಅವೂ ಇರಲಿ.

ವೇಗ ಹೆಚ್ಚಿಸುತ್ತೇವೆ, ರಿಜಿಸ್ಟ್ರಿ ಗುಡಿಸುತ್ತೇವೆ ಎನ್ನುವ ಕ್ಲೀನರ್ ಸಾಫ್ಟ್‌ವೇರ್‌ಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. 2017ರಲ್ಲಿ ಸಿಕ್ಲೀನರ್ ಎಂಬ ಇಂಥದೇ ಸಾಫ್ಟ್‌ವೇರ್‌ನ ಒಂದು ಆವೃತ್ತಿಯೊಳಗೆ ದಾಳಿಕೋರರು ಹಾನಿಕರ ಕೋಡ್ ಸೇರಿಸಿದ್ದರು, ಅದು ಅಧಿಕೃತ ತಾಣದಿಂದಲೇ 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೋಯಿತು. ವಿಂಡೋಸ್‌ನಲ್ಲೇ ಇರುವ ದಾರಿ ಸಾಕಾಗುವಾಗ ಇಡೀ ಕಂಪ್ಯೂಟರ್‌ನ ಕೀಲಿಯನ್ನು ಇನ್ನೊಂದು ಪ್ರೋಗ್ರಾಂಗೆ ಕೊಡುವುದೇಕೆ?

ಏನೋ ಅಳಿಸಿದ ಮೇಲೆ ಕೆಟ್ಟಿದೆ

ಹಳೆಯ ಕನ್ನಡ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಕಾಣುತ್ತಿದೆಯೇ? ಬಹುಶಃ ಫಾಂಟ್ಸ್ ಫೋಲ್ಡರ್ ಗುಡಿಸಿದ್ದೀರಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಹೋದರೆ ರೂಪ ಹೋಗುತ್ತದೆ, ಕಡತ ಹಾಳಾಗಿರುವುದಿಲ್ಲ. ಗಾಬರಿಯಾಗಿ ಅದನ್ನು ತಿದ್ದಬೇಡಿ, ಅಳಿಸಲೂಬೇಡಿ. ನುಡಿ ಅಥವಾ ಬರಹವನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಅಕ್ಷರಗಳು ಮರಳುತ್ತವೆ. ತುಂಗಾ ಫಾಂಟ್ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ಯೂನಿಕೋಡ್ ಕನ್ನಡಕ್ಕೆ ವಿಂಡೋಸ್ ಬಳಸುವ ನಿರ್ಮಲಾ ಯುಐ ಫಾಂಟನ್ನಂತೂ ಎಂದಿಗೂ ತೆಗೆಯಬೇಡಿ.

ವಿಂಡೋಸೇ ಅಲ್ಲಲ್ಲಿ ಮುಗ್ಗರಿಸುತ್ತಿದ್ದರೆ ಮೊದಲು ರೀಸೈಕಲ್ ಬಿನ್‌ನಿಂದ ಫೈಲನ್ನು ಮರಳಿಸಿ. ಆಗದಿದ್ದರೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್ ಎಫ್ ಸಿ, ಒಂದು ಸ್ಪೇಸ್, ಸ್ಲಾಶ್, ಅದಕ್ಕೆ ಅಂಟಿಸಿ ಸ್ಕ್ಯಾನ್‌ನೌ ಎಂದು ಓಡಿಸಿ. ಕಳೆದುಹೋದ ಸಿಸ್ಟಮ್ ಫೈಲ್‌ಗಳನ್ನು ಇದು ವಿನ್‌ಎಸ್‌ಎಕ್ಸ್‌ಎಸ್‌ನ ಪ್ರತಿಯಿಂದ ಮತ್ತೆ ಕೂರಿಸುತ್ತದೆ. ವಿನ್‌ಎಸ್‌ಎಕ್ಸ್‌ಎಸ್ಸನ್ನೇ ಅಳಿಸಿದ್ದರೆ ಕೂರಿಸಲು ಪ್ರತಿ ಎಲ್ಲಿಂದ ಬರಬೇಕು? ಅದೂ ಫಲ ಕೊಡದಿದ್ದರೆ ಹಿಂದಿನ ರಿಸ್ಟೋರ್ ಪಾಯಿಂಟ್.

ಕಂಪ್ಯೂಟರ್ ಆನ್ ಆಗುವುದೇ ನಿಂತಿದ್ದರೆ ಸ್ಟಾರ್ಟಪ್ ರಿಪೇರ್ ಒಮ್ಮೆ ಪ್ರಯತ್ನಿಸಿ, ಅಲ್ಲಿಗೆ ಸಾಕು ಮಾಡಿ. ಮುಂದಿನ ಪ್ರಯತ್ನಗಳಲ್ಲಿ ಫೈಲ್ ಕಳೆದುಕೊಳ್ಳುವ ಅಪಾಯ ಹೆಚ್ಚು.

ಜಾಗ ಬೇಕಾದಷ್ಟಿದೆ, ಆದರೂ ತೆವಳುತ್ತಿದೆ, ಫೈಲ್‌ಗಳು ಕಾಣೆಯಾಗುತ್ತಿವೆ

ಇದು ಅಳಿಸಿ ಸರಿಪಡಿಸುವ ದೋಷವಲ್ಲ. ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿದರೆ, ಫೌಂಡ್ ಡಾಟ್ 000 ಎಂಬ ಫೋಲ್ಡರ್ ತಾನಾಗಿ ಹುಟ್ಟಿದ್ದರೆ ಡಿಸ್ಕ್ ಸಾಯುತ್ತಿರಬಹುದು. ವಿಂಡೋಸ್ 11ರಲ್ಲಿ, ಎನ್‌ವಿಎಂಇ ಎಂಬ ಬಗೆಯ ಎಸ್‌ಎಸ್‌ಡಿ ಇದ್ದವರು ಸ್ಟೋರೇಜ್ ಪುಟದ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಡಿಸ್ಕ್ಸ್ ಆ್ಯಂಡ್ ವಾಲ್ಯೂಮ್ಸ್ ತೆರೆದು, ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ಆರೋಗ್ಯದ ವಿವರ ನೋಡಬಹುದು.

ಇಂಥ ಡಿಸ್ಕ್ ಮೇಲೆ ಕ್ಲೀನಪ್ ಬೇಡ, ಡಿಫ್ರಾಗ್ ಬೇಡ, ಚೆಕ್ ಡಿಸ್ಕ್ ಕೂಡ ಈಗ ಬೇಡ. ಅವೆಲ್ಲ ಸೋತ ಡಿಸ್ಕನ್ನು ಇನ್ನಷ್ಟು ದುಡಿಸುತ್ತವೆ. ಅತಿ ಮುಖ್ಯವಾದ ಫೈಲ್‌ಗಳನ್ನು ಮೊದಲು ಹೊರಗೆ ನಕಲು ಮಾಡಿ, ನಕಲು ಆಗದೆ ನಿಂತರೆ ಕಂಪ್ಯೂಟರ್ ಆಫ್ ಮಾಡಿ ತಿಳಿದವರ ಹತ್ತಿರ ಒಯ್ಯಿರಿ.

ಅಂಗಡಿಗೆ ಕೊಡುವಾಗ ಮೂರು ವಿಷಯ ಬರೆದುಕೊಡಿ: ಕಂಡ ಸಂದೇಶ ಅಥವಾ ಸಂಕೇತದ ಸಂಖ್ಯೆ, ಇತ್ತೀಚೆಗೆ ನೀವು ಅಳಿಸಿದ್ದು ಏನು, ಮತ್ತು ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು ಎಂಬ ಮಾತು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುತ್ತದೆ. ಅದರ 48 ಅಂಕೆಗಳ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಆ ಖಾತೆಗೆ ಹೋಗಿ, ಕೀಯನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಇಟ್ಟುಕೊಳ್ಳಿ.